ಸೊಟ್ಟ ರ್‍ಯಾಂಪು, ನೆಟ್ಟಗಿನ ಕಾರಣ

ಉಮರ್ಗಾ ಬಿಟ್ಟು ಹೈದರಾಬಾದ್ ದಿಕ್ಕಿಗೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 65 ತುರೋರಿ, ತಲಮೋಡ ದಾಟಿಸಿ ಬೀದರ್ ಜಿಲ್ಲೆಗೆ ತಂದು ಬಿಡುತ್ತದೆ. ಗಡಿಯ ಆಚೆಗೂ ಈಚೆಗೂ ಹೊಲದ ಎರೆಮಣ್ಣು ಒಂದೇ, ಕಾಯುವ ಮಳೆಯೂ ಒಂದೇ. ಚಹಾದಂಗಡಿಯಲ್ಲಿ ಕಿವಿಗೆ ಬೀಳುವ ಕನ್ನಡ-ಮರಾಠಿ ಬೆರಕೆಯೂ ಹೆಚ್ಚುಕಡಿಮೆ ಒಂದೇ. ತೊಗರಿಯ ದರ, ಸೋಯಾದ ರೋಗ ಮುಗಿದ ಮೇಲೆ ಅಲ್ಲಿ ಮಾತು ಹೊರಳುವುದು ರಸ್ತೆಯ ಕಡೆಗೆ. ಬಲಕ್ಕೆ ಹೋಗಬೇಕಾದವನನ್ನು ಎಡಕ್ಕೆ ಯಾಕೆ ಇಳಿಸುತ್ತಾರೆ? ಊರಿನ ದಾರಿ ನೆಟ್ಟಗಿದ್ದು ಹೆದ್ದಾರಿಯೇ ಯಾಕೆ ಸೊಟ್ಟಗೆ ಹೊರಳುತ್ತದೆ? ಕಬ್ಬಿನ ಟ್ರಾಲಿ ಹಾಯದಂಥ ಅಂಡರ್‌ಪಾಸ್ ಯಾರಿಗಾಗಿ?

ಈ ಪ್ರಶ್ನೆಗಳಿಗೆಲ್ಲ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ: ಎಂಜಿನಿಯರ್‌ಗೆ ತಲೆ ಇಲ್ಲ, ಇಲ್ಲವೇ ದುಡ್ಡು ತಿಂದಿದ್ದಾರೆ. ಕೆಲವು ಕಡೆ ಎರಡೂ ನಿಜವಿರಬಹುದು. ಆದರೆ ಬಹುಪಾಲು ವಿಚಿತ್ರ ತಿರುವುಗಳ ಹಿಂದೆ ಇರುವುದು ಹಿಂದಿನ ಕಾಲದ ಯಾವುದೋ ನಿರ್ಧಾರ. ಒಂದು ಹಳೆಯ ರಸ್ತೆ, ಒಂದು ನಾಲಾ, ಒಂದು ರೈಲುಮಾರ್ಗ, ಒಂದು ಜಿಲ್ಲೆಯ ಗಡಿ ಹೆದ್ದಾರಿಗೆ ಏರಿಳಿಯುವ ಇಂದಿನ ರ್‍ಯಾಂಪಿನ ಆಕಾರವನ್ನು ಮೊದಲೇ ಬರೆದಿಟ್ಟಿರುತ್ತದೆ. ಅದನ್ನು ಓದಲು ಬಂದರೆ ದೂರು ಯಾರಿಗೆ, ಯಾವಾಗ ಕೊಡಬೇಕು ಎಂಬುದೂ ತಿಳಿಯುತ್ತದೆ.

ತಪ್ಪು ಕಲ್ಪನೆ 1: ಈ ಹೆದ್ದಾರಿ ಕಲ್ಯಾಣದ ಅರಸರ ಕಾಲದ ರಾಜಮಾರ್ಗ.

ವಾಸ್ತವ: ಹಾಗಿದ್ದರೆ ಅದು ಬಸವಕಲ್ಯಾಣದೊಳಗೆ ಹಾಯಬೇಕಿತ್ತು. ಹಾಯುವುದಿಲ್ಲ. ಚಾಲುಕ್ಯರ ರಾಜಧಾನಿಯನ್ನು ಬದಿಗೆ ಬಿಟ್ಟು ಹೋಗುತ್ತದೆ. ಕಲ್ಯಾಣಕ್ಕೆ ಹೋಗುವವರು ಇಂದಿಗೂ ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ಬಹಮನಿಗಳ ರಾಜಧಾನಿಯಾಗಿದ್ದ ಬೀದರ್ ಕೂಡ ಈ ದಾರಿಯಲ್ಲಿಲ್ಲ.

ಈಗಿನ ಹೆದ್ದಾರಿ ಹಿಡಿದಿರುವುದು 19ನೇ ಶತಮಾನದ ಸೋಲಾಪುರ–ಹೈದರಾಬಾದ್ ರಸ್ತೆಯ ಗೆರೆ. ಆ ರಸ್ತೆಗೆ ಬೇಕಾಗಿದ್ದುದು ಎರಡು ತುದಿ: ಒಂದು ಕಡೆ ಬ್ರಿಟಿಷರ ಸೋಲಾಪುರ, ಇನ್ನೊಂದು ಕಡೆ ನಿಜಾಮರ ರಾಜಧಾನಿ ಮತ್ತು ಸಿಕಂದರಾಬಾದಿನ ದಂಡು. ನಡುವಿನ ನಳದುರ್ಗ ಜಿಲ್ಲೆ 1853ರ ಒಪ್ಪಂದದಲ್ಲಿ ಬ್ರಿಟಿಷರ ಉಸ್ತುವಾರಿಗೆ ಹೋಗಿ, 1860ರಲ್ಲಿ ನಿಜಾಮರಿಗೆ ಮರಳಿತು. ಆ ನಡುವೆ ಕೆಲವು ವರ್ಷ ಅದರ ಆಡಳಿತ ನೋಡಿಕೊಂಡವನು ನಮಗೆ ಸುರಪುರದ ಕಥೆಯಿಂದ ಪರಿಚಯವಿರುವ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. 1860ರಲ್ಲೇ ಮುಂಬಯಿಯ ರೈಲು ಸೋಲಾಪುರಕ್ಕೆ ಬಂತು. ಮುಂದಿನ ಹತ್ತು-ಹನ್ನೊಂದು ವರ್ಷ ರೈಲಿಳಿದು ಹೈದರಾಬಾದಿಗೆ ಹೋಗುವವರಿಗೆ ಇದು ನೇರ ದಾರಿಯಾಗಿತ್ತು.

ಆಮೇಲೆ ರೈಲು ದಿಕ್ಕು ಬದಲಿಸಿತು. 1871ರಲ್ಲಿ ಹಳಿ ಕಲಬುರಗಿ, ವಾಡಿಯ ಮೇಲೆ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ನಳದುರ್ಗ, ಉಮರ್ಗಾ, ಹುಮನಾಬಾದ್ ಮೂರೂ ಹಳಿಯಿಂದ ಹೊರಗೆ ಉಳಿದವು. ಹುಮನಾಬಾದಿಗೆ ರೈಲು ಸಿಕ್ಕಿದ್ದು ಬೀದರ್–ಕಲಬುರಗಿ ಮಾರ್ಗದಿಂದ, ಅದು ಪೂರ್ತಿ ಮುಗಿದದ್ದು 2017ರಲ್ಲಿ. ಉಮರ್ಗಾಕ್ಕೆ ಇನ್ನೂ ಇಲ್ಲ. ಹೀಗೆ ರೈಲಿಲ್ಲದ ಸೀಮೆಯ ಭಾರವೆಲ್ಲ ಒಂದೇ ರಸ್ತೆಯ ಮೇಲೆ ಬಿತ್ತು. 1948ರ ಸೆಪ್ಟೆಂಬರ್ 13ರಂದು ನಿಜಾಮರ ಸಂಸ್ಥಾನದ ಮೇಲೆ ಭಾರತದ ಸೈನ್ಯ ಸೋಲಾಪುರದಿಂದ ಹೊರಟಾಗಲೂ ಹಿಡಿದದ್ದು ಇದೇ ದಾರಿ. ಮೊದಲು ನಳದುರ್ಗದ ಬೋರಿ ನದಿಯ ಸೇತುವೆಯನ್ನು ವಶಪಡಿಸಿಕೊಂಡಿತು. ಮರುದಿನ ಉಮರ್ಗಾದಿಂದ ರಾಜೇಶ್ವರದ ಕಡೆಗೆ ಸಾಗಿತು. ಸೇತುವೆ ಹೋದರೆ ರಸ್ತೆ ಹೋಯಿತು ಎಂಬುದು ಎರಡೂ ಸೈನ್ಯಗಳಿಗೆ ಗೊತ್ತಿತ್ತು.

ತಪ್ಪು ಕಲ್ಪನೆ 2: ಹಳೆಯ ರಸ್ತೆ ಅಲ್ಲಲ್ಲಿ ಸೊಟ್ಟಗಿದ್ದದ್ದು ಯಾವನೋ ಪಾಟೀಲನ ಹೊಲ ಉಳಿಸಲು.

ವಾಸ್ತವ: ಪಾಟೀಲರ ಪ್ರಭಾವವನ್ನು ಅಲ್ಲಗಳೆಯಬೇಕಿಲ್ಲ, ಆದರೆ ನೀರಿನ ಪ್ರಭಾವ ಅದಕ್ಕಿಂತ ದೊಡ್ಡದು. ಉಮರ್ಗಾ ತಾಲ್ಲೂಕು ಕೂತಿರುವುದು ಎರಡು ನದಿಗಳ ಜಲಾನಯನಗಳ ನಡುವಿನ ದಿಬ್ಬದ ಸೀಮೆಯಲ್ಲಿ. ಉತ್ತರಕ್ಕೆ ಇಳಿದ ನೀರು ತೇರಣಾ, ಮಾಂಜ್ರಾ ಹಿಡಿದು ಗೋದಾವರಿಗೆ ಹೋಗುತ್ತದೆ. ದಕ್ಷಿಣಕ್ಕೆ ಇಳಿದದ್ದು ಬೋರಿ, ಬೆಣ್ಣೆತೊರೆಗಳ ಮೂಲಕ ಭೀಮೆಗೆ, ಅಲ್ಲಿಂದ ಕೃಷ್ಣೆಗೆ. ಎರೆಮಣ್ಣಿನ ಸೀಮೆಯಲ್ಲಿ ಮಳೆಗಾಲದಲ್ಲಿ ಗಾಡಿ ಓಡಬೇಕೆಂದರೆ ರಸ್ತೆ ಆದಷ್ಟು ಎತ್ತರದ, ಕಲ್ಲು-ಮೊರಮಿನ ನೆಲ ಹಿಡಿಯಬೇಕು. ತಗ್ಗಿಗಿಳಿದರೆ ಚಕ್ರ ಗುಂಬಿಯವರೆಗೂ ಹೂತು ಹೋಗುತ್ತದೆ.

ನಾಲಾ ದಾಟಲೇಬೇಕಾದಲ್ಲಿ ಇನ್ನೊಂದು ಲೆಕ್ಕ. ಓರೆಯಾಗಿ ದಾಟಿದರೆ ಪೂಲು ಉದ್ದವಾಗುತ್ತದೆ, ಕಮಾನುಗಳು ಹೆಚ್ಚುತ್ತವೆ, ಪ್ರವಾಹ ಕಂಬಗಳನ್ನು ಅಡ್ಡದಿಂದ ತಿವಿಯುತ್ತದೆ. ಅದಕ್ಕೇ ಹಳೆಯ ರಸ್ತೆ ನಾಲಾದ ಹತ್ತಿರ ಬಂದಾಗ ಒಮ್ಮೆ ಹೊರಳಿ, ಹರಿವಿಗೆ ಲಂಬವಾಗಿ ನಿಂತು, ಕಡಿಮೆ ಅಗಲದಲ್ಲಿ ದಾಟಿ, ಮತ್ತೆ ಹೊರಳಿ ತನ್ನ ದಿಕ್ಕಿಗೆ ಬರುತ್ತಿತ್ತು. ಎತ್ತಿನ ಗಾಡಿಗೆ, ಟಾಂಗಾಕ್ಕೆ ಆ ಎರಡು ತಿರುವು ಏನೂ ಅಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರಿಗೆ ಅವೇ ಅಪಾಯ. ಹೊಸ ಹೆದ್ದಾರಿ ಅವುಗಳನ್ನು ಬಿಟ್ಟು ನೇರವಾಗಿ ಕತ್ತರಿಸಿದಾಗ, ಹಳೆಯ ದಾರಿಯ ಬಾಗಿದ ತುಂಡು ಬದಿಯಲ್ಲಿ ಉಳಿಯುತ್ತದೆ. ಹೆದ್ದಾರಿಯಿಂದ ಸ್ವಲ್ಪ ದೂರದಲ್ಲಿ ಕಾರಣವಿಲ್ಲದೆ ವಕ್ರವಾಗಿ ನಿಂತ ಸಾಲುಮರಗಳು ಕಂಡರೆ, ಹಳೆಯ ರಸ್ತೆ ಹಾಯ್ದದ್ದು ಅಲ್ಲೇ ಇರಬಹುದು ಎಂದು ಊಹಿಸಬಹುದು.

ತಪ್ಪು ಕಲ್ಪನೆ 3: ರ್‍ಯಾಂಪೆಲ್ಲ ಹೊಸದಾಗಿ ಬಿಳಿ ಹಾಳೆಯ ಮೇಲೆ ಬರೆದದ್ದು, ಆದ್ದರಿಂದ ಸೊಟ್ಟಗಿದ್ದರೆ ಅದು ಬರೆದವನ ತಪ್ಪು.

ವಾಸ್ತವ: ಗೊಂದಲದ ಬಹುಪಾಲು ಹುಟ್ಟುವುದು ಇಲ್ಲೇ. ಎರಡು ಲೇನಿನ ರಸ್ತೆಯನ್ನು ನಾಲ್ಕು ಲೇನು ಮಾಡುವಾಗ ಯಾರೂ ಹಳೆಯದನ್ನು ಕಿತ್ತೊಗೆಯುವುದಿಲ್ಲ. ಹಳೆಯ ಡಾಂಬರ್ ರಸ್ತೆಯನ್ನು ಬಲಪಡಿಸಿ ಒಂದು ದಿಕ್ಕಿಗೆ ಕೊಟ್ಟು, ಅದರ ಪಕ್ಕದಲ್ಲಿ ಹೊಸದೊಂದನ್ನು ಹಾಕಿ ಇನ್ನೊಂದು ದಿಕ್ಕಿಗೆ ಕೊಡುವುದು ರೂಢಿ. ಹೊಸದು ಯಾವ ಪಕ್ಕದಲ್ಲಿ? ಮನೆ, ಬಾವಿ, ಗುಡಿ, ದರ್ಗಾ, ಸ್ಮಶಾನ ಕಡಿಮೆ ಇರುವ ಪಕ್ಕದಲ್ಲಿ. ಒಂದು ಊರಿನಲ್ಲಿ ಅದು ಎಡಕ್ಕಿದ್ದರೆ ಮುಂದಿನ ಊರಿನಲ್ಲಿ ಬಲಕ್ಕೆ. ಪಕ್ಕ ಬದಲಾದಲ್ಲೆಲ್ಲ ನಡುವಿನ ಡಿವೈಡರ್ ಓಲಾಡುತ್ತದೆ, ಬದಿಯಿಂದ ಸೇರುವ ದಾರಿಯ ಕೋನ ಬದಲಾಗುತ್ತದೆ.

ಬೈಪಾಸ್ ಶುರುವಾಗುವ ಜಾಗದಲ್ಲಿ ಇದು ಇನ್ನೂ ಸ್ಪಷ್ಟ. ಹಳೆಯ ರಸ್ತೆ ಊರಿನ ಪೇಟೆಗೆ ನೇರವಾಗಿ ಹೋಗುತ್ತಿತ್ತು, ಈಗಲೂ ನೇರವಾಗಿಯೇ ಹೋಗುತ್ತದೆ. ಬಾಗಿ ಹೊರಡುವುದು ಹೆದ್ದಾರಿ. ಅಂದರೆ ಕಣ್ಣಿಗೆ ಮುಖ್ಯರಸ್ತೆಯಂತೆ ಕಾಣುವ ನೆಟ್ಟಗಿನ ದಾರಿಯೇ ನಿಜವಾಗಿ ರ್‍ಯಾಂಪು, ರ್‍ಯಾಂಪಿನಂತೆ ಹೊರಳುವುದೇ ಹೆದ್ದಾರಿ. ಹೊಸಬರು ರಾತ್ರಿ ಹೊತ್ತು ಅರಿಯದೆ ಊರೊಳಗೆ ನುಗ್ಗುವುದು, ತಪ್ಪು ತಿಳಿದ ಕೂಡಲೇ ಹಿಂದಕ್ಕೆ ಬರುವ ಅಪಾಯದ ಕೆಲಸಕ್ಕೆ ಕೈ ಹಾಕುವುದು ಇದರಿಂದಲೇ. ಇದಕ್ಕೆ ಮದ್ದು ಇಡೀ ವಿನ್ಯಾಸ ಬದಲಿಸುವುದಲ್ಲ. ದೂರದಿಂದಲೇ ಓದಬಲ್ಲ ಫಲಕ, ಮಾಸದ ಬಿಳಿ ಗೆರೆ, ಕವಲಿನ ತುದಿಯಲ್ಲಿ ಮಿನುಗುವ ಗುರುತು. ದೂರು ಕೊಡುವವರು ಕೇಳಬೇಕಾದ್ದು ಅದನ್ನು.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಇದೇ ಕಥೆ. ಹೊಸ ಮಾರ್ಗ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೂಲಕ ಹಾಯುತ್ತಿದ್ದ ಹಳೆಯ ರಸ್ತೆ ಊರಿನ ರಸ್ತೆಯಾಯಿತು, ಬೈಪಾಸುಗಳು ಹೆದ್ದಾರಿಯಾದವು. ದಶಕಗಳಿಂದ ನೇರ ಹೋಗಿ ರೂಢಿಯಾದ ಚಾಲಕರು ಎಲ್ಲಿ ಇಳಿಯಬೇಕು, ಎಲ್ಲಿ ಏರಬೇಕು ಎಂದು ಮೊದಲಿನಿಂದ ಕಲಿಯಬೇಕಾಯಿತು.

ತಪ್ಪು ಕಲ್ಪನೆ 4: ರ್‍ಯಾಂಪಿನ ತಿರುವು ಬಿಗಿಯಾಗಿರುವುದು ದುಡ್ಡು ಉಳಿಸಲು. ಮನಸ್ಸು ಮಾಡಿದ್ದರೆ ಹೆದ್ದಾರಿಯ ವೇಗದಲ್ಲೇ ಇಳಿಯುವಂತೆ ಕಟ್ಟಬಹುದಿತ್ತು.

ವಾಸ್ತವ: ಕಟ್ಟಬಹುದಿತ್ತು, ಜಮೀನು ಕೊಡುವವರಿದ್ದರೆ. ನಮ್ಮ ದೇಶದ ವಿನ್ಯಾಸ ಸೂತ್ರದ ಪ್ರಕಾರ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸುರಕ್ಷಿತವಾಗಿ ತಿರುಗಲು ತಿರುವಿನ ತ್ರಿಜ್ಯ ಸುಮಾರು 360 ಮೀಟರ್ ಬೇಕು. ವೇಗ 40ಕ್ಕೆ ಇಳಿದರೆ ಸುಮಾರು 60 ಮೀಟರ್ ಸಾಕು. ವೇಗ ಎರಡೂವರೆ ಪಟ್ಟಾದರೆ ತ್ರಿಜ್ಯ ಆರು ಪಟ್ಟಾಗುತ್ತದೆ. ವೃತ್ತದೊಳಗೆ ಸಿಕ್ಕಿಕೊಳ್ಳುವ ಜಮೀನು ಮೂವತ್ತಾರು ಪಟ್ಟು. ಸುತ್ತು ಹಾಕುವ ಒಂದು ರ್‍ಯಾಂಪ್ 60 ಮೀಟರ್ ತ್ರಿಜ್ಯದಲ್ಲಿ ಮೂರು ಎಕರೆಗಿಂತ ಕಡಿಮೆ ನೆಲವನ್ನು ಸುತ್ತುವರಿಯುತ್ತದೆ. 360 ಮೀಟರ್ ತ್ರಿಜ್ಯದಲ್ಲಿ ಅದು 100 ಎಕರೆ.

ಮರಾಠವಾಡದ ಎರೆ ಹೊಲದಲ್ಲಿ 100 ಎಕರೆ ಎಂದರೆ ಎಷ್ಟು ಕುಟುಂಬಗಳ ಅನ್ನ ಎಂದು ತುರೋರಿಯವರಿಗೆ ವಿವರಿಸಬೇಕಿಲ್ಲ. ಅದಕ್ಕೇ ರ್‍ಯಾಂಪುಗಳನ್ನು ಕಡಿಮೆ ವೇಗಕ್ಕೆ ವಿನ್ಯಾಸ ಮಾಡುತ್ತಾರೆ, ವೇಗ ತಗ್ಗಿಸಲು ಅದರ ಮುಂಚೆ ಬೇರೆ ಲೇನು ಕೊಡುತ್ತಾರೆ. ಆ ಲೇನನ್ನು ಟ್ರಕ್ ನಿಲ್ಲಿಸುವ ಜಾಗ ಮಾಡಿಕೊಂಡಾಗ, ಹಿಂದಿನಿಂದ ಬರುವವನಿಗೆ ವೇಗ ಇಳಿಸಲು ಸ್ಥಳ ಉಳಿಯುವುದಿಲ್ಲ. ಆಗ ತಿರುವು ಇರುವುದಕ್ಕಿಂತ ಬಿಗಿಯಾಗಿ ಕಾಣುತ್ತದೆ.

ತಪ್ಪು ಕಲ್ಪನೆ 5: ಊರಿನ ನೇರ ಕ್ರಾಸ್ ಮುಚ್ಚಿ, ಸುತ್ತು ಹಾಕಿಸುವುದು ಹಳ್ಳಿಯವರನ್ನು ಸತಾಯಿಸಲು.

ವಾಸ್ತವ: ನಾಲ್ಕು ದಾರಿ ಕೂಡುವ ಒಂದು ಚೌರಸ್ತಾದಲ್ಲಿ ವಾಹನಗಳ ಹಾದಿಗಳು ಒಂದನ್ನೊಂದು ಕತ್ತರಿಸುವ, ಸೇರುವ, ಬೇರೆಯಾಗುವ ಬಿಂದುಗಳು 32. ಮೂರು ದಾರಿ ಕೂಡುವಲ್ಲಿ ಅವು 9 ಮಾತ್ರ. ಆದ್ದರಿಂದ ಎದುರುಬದುರಾದ ಎರಡು ಹಳ್ಳಿಯ ದಾರಿಗಳನ್ನು ಸ್ವಲ್ಪ ಹಿಂದೆ-ಮುಂದೆ ಸರಿಸಿ, ಒಂದು ಚೌರಸ್ತಾದ ಬದಲು ಎರಡು ಮೂರುದಾರಿಗಳನ್ನು ಮಾಡಿದರೆ ಡಿಕ್ಕಿಯ ಸಂಭವವಿರುವ ಬಿಂದುಗಳು 18ಕ್ಕೆ ಇಳಿಯುತ್ತವೆ. ನೋಡುವವರಿಗೆ ಇದು ಎಂಜಿನಿಯರ್‌ನ ಕೈ ನಡುಗಿದಂತೆ ಕಾಣುತ್ತದೆ, ಅಲ್ಲಿರುವುದು ಲೆಕ್ಕಾಚಾರ.

ಹಳ್ಳಿಯ ದಾರಿ ಹೆದ್ದಾರಿ ಮುಟ್ಟುವ ಮೊದಲು ಹಾವಿನ ಹಾಗೆ ಒಮ್ಮೆ ಹೊರಳುವುದಕ್ಕೂ ಇಂಥದೇ ಕಾರಣ. ಹಳೆಯ ಗಾಡಿದಾರಿಗಳು ಹೊಲದ ಬದು ಹಿಡಿದು ಓರೆಯಾಗಿ ಬರುತ್ತಿದ್ದವು. ಓರೆಯಾಗಿ ಬಂದ ಚಾಲಕನಿಗೆ ಒಂದು ಕಡೆಯ ವಾಹನ ಕಾಣಲು ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಬೇಕು. ಕೊನೆಯ ಕೆಲವು ಮೀಟರಿನಲ್ಲಿ ದಾರಿಯನ್ನು ಬಾಗಿಸಿ ಹೆದ್ದಾರಿಗೆ ಲಂಬವಾಗಿ ನಿಲ್ಲಿಸಿದರೆ ಎರಡೂ ಕಡೆ ಕಾಣುತ್ತದೆ.

ಆದರೆ ಸುತ್ತು ವಿಪರೀತ ದೂರವಾದರೆ ಜನ ವಿರುದ್ಧ ದಿಕ್ಕಿನಲ್ಲಿ ಬೈಕ್ ಓಡಿಸುತ್ತಾರೆ, ಡಿವೈಡರ್ ಒಡೆದು ಸಂದು ಮಾಡುತ್ತಾರೆ. ಜನರನ್ನು ಬೈದು ಇದನ್ನು ನಿಲ್ಲಿಸಲಾಗದು. ಹೊಲ ಆಚೆ, ಮನೆ ಈಚೆ ಇರುವ ಊರಿನಲ್ಲಿ ಸರ್ವಿಸ್ ರೋಡ್ ಕಡಿದು ಹೋಗದೆ ಮುಂದಿನ ಅಂಡರ್‌ಪಾಸ್‌ವರೆಗೆ ಸಾಗಬೇಕು. ಅರ್ಧಕ್ಕೆ ನಿಂತ ಸರ್ವಿಸ್ ರೋಡು ಜನರನ್ನು ತಾನೇ ಹೆದ್ದಾರಿಗೆ ತಳ್ಳುತ್ತದೆ.

ತಪ್ಪು ಕಲ್ಪನೆ 6: ಅಂಡರ್‌ಪಾಸ್ ಎಂದರೆ ಅಂಡರ್‌ಪಾಸ್, ಎಲ್ಲವೂ ಒಂದೇ ಅಳತೆ.

ವಾಸ್ತವ: ಅಳತೆಗಳಲ್ಲಿ ದರ್ಜೆಗಳಿವೆ, ಜಗಳ ಹುಟ್ಟುವುದೂ ಅಲ್ಲೇ. ನಾಲ್ಕು ಲೇನಿನ ಹೆದ್ದಾರಿಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೊರಡಿಸಿದ ಕೈಪಿಡಿಯ 2014ರ ಆವೃತ್ತಿಯಲ್ಲಿ ಎಲ್ಲ ವಾಹನಗಳ ಅಂಡರ್‌ಪಾಸಿಗೆ 5.5 ಮೀಟರ್ ಎತ್ತರ, ಲಘು ವಾಹನದ್ದಕ್ಕೆ 3.5 ಮೀಟರ್, ಜನ-ದನ ಹಾಯುವುದಕ್ಕೆ 3 ಮೀಟರ್. 

ಈ ಸೀಮೆಯಲ್ಲಿ ಕಬ್ಬು ಕಡಿಯುವ ಹಂಗಾಮಿನಲ್ಲಿ ಟ್ರಾಲಿಯ ಮೇಲಿನ ಹೊರೆ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ಬೇಸಿಗೆಯಲ್ಲಿ ವಾಹನ ಎಣಿಸಲು ಬಂದ ಸರ್ವೆಯವರಿಗೆ ಕಾಣುವುದಿಲ್ಲ. ಅವರು ಎಣಿಸಿದ್ದು ಬೈಕು, ಜೀಪು, ಖಾಲಿ ಟ್ರ್ಯಾಕ್ಟರ್. ಆ ಎಣಿಕೆಯಿಂದ ಹುಟ್ಟುವುದು ತಗ್ಗು ಅಂಡರ್‌ಪಾಸ್. ಹಂಗಾಮು ಬಂದಾಗ ಹೊರೆ ಹೊತ್ತ ಟ್ರಾಲಿಗಳು ಹೆದ್ದಾರಿಯನ್ನೇ ಅಡ್ಡ ದಾಟಬೇಕಾಗುತ್ತದೆ. ಆದ್ದರಿಂದ ಕೇಳುವಾಗ ಬರೀ ‘ನಮಗೂ ಒಂದು ಅಂಡರ್‌ಪಾಸ್ ಕೊಡಿ’ ಎಂದರೆ ಸಾಲದು. ಎಷ್ಟು ಎತ್ತರದ್ದು, ಯಾವ ತಿಂಗಳ ಓಡಾಟದ ಲೆಕ್ಕದಲ್ಲಿ ಎಂದು ಕೇಳಬೇಕು.

ತಪ್ಪು ಕಲ್ಪನೆ 7: ಸಣ್ಣ ದಾರಿ ದಾಟಿಸಲು ಅರ್ಧ ಕಿಲೋಮೀಟರ್ ಏರು ಕಟ್ಟುವುದು ಬಿಲ್ ಹೆಚ್ಚಿಸುವ ಉಪಾಯ. ಏರಿನ ತುದಿಯಲ್ಲಿ ಗಾಡಿ ಎಗರುವುದು ಕಳಪೆ ಕೆಲಸದ ಸಾಕ್ಷಿ.

ವಾಸ್ತವ: ಕೆಳಗೆ 5.5 ಮೀಟರ್ ತೆರಪು, ಮೇಲೆ ಒಂದೂವರೆ ಮೀಟರಿನಷ್ಟು ಸೇತುವೆಯ ದಪ್ಪ. ಹೆದ್ದಾರಿ ಸುಮಾರು 7 ಮೀಟರ್ ಏರಬೇಕು. ಸರಕು ತುಂಬಿದ ಟ್ರಕ್ ಏದುಸಿರು ಬಿಡದೆ ಹತ್ತುವಂತೆ 40 ಮೀಟರಿಗೆ 1 ಮೀಟರ್ ಏರಿಸಿದರೆ ಒಂದು ಕಡೆಗೆ 280 ಮೀಟರ್ ಬೇಕು. ಎರಡೂ ಕಡೆ ಸೇರಿ ಅರ್ಧ ಕಿಲೋಮೀಟರ್ ದಾಟಿತು. ಇದು ರೇಖಾಗಣಿತ, ಬಿಲ್ ಅಲ್ಲ. ಅಷ್ಟು ಉದ್ದದ ಏರಿ ಊರನ್ನು ಎರಡು ಮಾಡಿ ನಿಲ್ಲುತ್ತದೆ ಎಂಬ ದೂರು ಮಾತ್ರ ನ್ಯಾಯವಾದದ್ದು.

ತುದಿಯಲ್ಲಿ ಎಗರುವುದರ ಹಿಂದೆ ಎರೆಮಣ್ಣಿನ ಪಾತ್ರವಿದೆ. ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಸೇತುವೆಯ ಕಂಬ ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ನಿಂತರೆ ಅಲುಗುವುದಿಲ್ಲ; ಪಕ್ಕದ ಏರಿಯ ಮಣ್ಣು ವರ್ಷ ಕಳೆದಂತೆ ಕುಸಿಯುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಎಗರು. ಎರೆಮಣ್ಣನ್ನು ತೆಗೆದು ಮೊರಮು ತುಂಬುವುದು ಅಥವಾ ಸುಣ್ಣ ಬೆರೆಸಿ ಹದ ಮಾಡುವುದು, ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡುವುದು ಇದಕ್ಕೆ ಪರಿಹಾರ. ಆ ಕೆಲಸವನ್ನು ಆತುರದಲ್ಲಿ ಮುಗಿಸಿದ್ದರೆ ಆಗ ಕಳಪೆ ಎನ್ನಿ. ಸ್ವಲ್ಪ ಕುಸಿಯುವುದು ಸಹಜ. ಕುಸಿದಲ್ಲಿ ಕಾಲಕಾಲಕ್ಕೆ ಡಾಂಬರ್ ಹಾಕಿ ಸರಿಮಾಡದಿರುವುದು ನಿರ್ಲಕ್ಷ್ಯ.

ತಪ್ಪು ಕಲ್ಪನೆ 8: ಗಡಿಯಲ್ಲಿ ರಸ್ತೆ ಬದಲಾಗುವುದು ಒಂದು ರಾಜ್ಯ ಸರ್ಕಾರ ಚುರುಕು, ಇನ್ನೊಂದು ಸೋಮಾರಿ ಎಂಬ ಕಾರಣಕ್ಕೆ.

ವಾಸ್ತವ: ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಸೊತ್ತು. ನಾಲ್ಕು ಲೇನಿನ ಕೆಲಸ ಕೊಡುವಾಗ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಇಲ್ಲಿ ರಸ್ತೆಯನ್ನು ಎರಡು ತುಂಡು ಮಾಡಿತು. ಸೋಲಾಪುರದಿಂದ ರಾಜ್ಯದ ಗಡಿಯವರೆಗೆ, ಅಂದರೆ 249ರಿಂದ 348.8ನೇ ಕಿಲೋಮೀಟರಿನವರೆಗೆ ಒಂದು ಗುತ್ತಿಗೆ. ಗಡಿಯಿಂದ ಸಂಗಾರೆಡ್ಡಿಯವರೆಗಿನ ಸುಮಾರು 145 ಕಿಲೋಮೀಟರಿಗೆ ಇನ್ನೊಂದು. ಎರಡನೆಯದು ಕರ್ನಾಟಕ ದಾಟಿ ತೆಲಂಗಾಣದೊಳಗೂ ಹೋಗುತ್ತದೆ. ಅಲ್ಲಿನ ರಾಜ್ಯಗಡಿಯಲ್ಲಿ ಕೆಲಸ ಕಡಿಯಲೇ ಇಲ್ಲ. ಬೀದರ್ ಕಡೆಯ ತುಂಡು ಮೊದಲು ಮುಗಿಯಿತು, ಉಮರ್ಗಾ ಕಡೆಯದು ವರ್ಷಗಟ್ಟಲೆ ಎಳೆಯಿತು. ತುರೋರಿಯವರು ಆ ವರ್ಷಗಳಲ್ಲಿ ಅನುಭವಿಸಿದ್ದು ಗುತ್ತಿಗೆಯ ಗಡಿಯನ್ನು. ಅದು ರಾಜ್ಯದ ಗಡಿಯ ಮೇಲೆಯೇ ಬಂದು ಕೂತದ್ದರಿಂದ ಬೈಗುಳ ರಾಜ್ಯಕ್ಕೆ ಹೋಯಿತು.

ತಪ್ಪು ಕಲ್ಪನೆ 9: ಹೆದ್ದಾರಿ 9 ಇದ್ದದ್ದು 65 ಆಯಿತು ಎಂದರೆ ನಮ್ಮ ರಸ್ತೆಯ ದರ್ಜೆ ಇಳಿಯಿತು.

ವಾಸ್ತವ: ಸಂಖ್ಯೆ ದರ್ಜೆಯಲ್ಲ, ದಿಕ್ಕು. ಪುಣೆಯಿಂದ ಮಚಲೀಪಟ್ಟಣದವರೆಗೆ 841 ಕಿಲೋಮೀಟರಿನ ಹಳೆಯ ಹೆದ್ದಾರಿ 9ರಲ್ಲಿ ಕರ್ನಾಟಕದ ಪಾಲು ಬರೀ 75 ಕಿಲೋಮೀಟರ್. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಬಂತು: ಪೂರ್ವ–ಪಶ್ಚಿಮ ಓಡುವವಕ್ಕೆ ಬೆಸ ಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಏರುತ್ತ; ಉತ್ತರ–ದಕ್ಷಿಣ ಓಡುವವಕ್ಕೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಏರುತ್ತ. ಆದ್ದರಿಂದ ದಕ್ಷಿಣದ ನಮ್ಮ ರಸ್ತೆಗೆ 65. ಉದಗೀರ, ಬೀದರ್, ಹುಮನಾಬಾದ್, ಕಲಬುರಗಿ ಮೇಲೆ ಇಳಿಯುವ ದಾರಿಗೆ 50. ಹಳೆಯ 9 ಈಗ ದೆಹಲಿಯ ಮೂಲಕ ಹಾಯುವ ಉತ್ತರದ ಬೇರೊಂದು ಹೆದ್ದಾರಿಗೆ ಹೋಗಿದೆ.

ಗಡಿಯ 348.8 ಎಂಬ ಲೆಕ್ಕ ಪುಣೆಯಿಂದ ಶುರುವಾದದ್ದು. ಬೈಪಾಸ್ ಬಂದಲ್ಲೆಲ್ಲ ಉದ್ದ ಬದಲಾಗುವುದರಿಂದ ಹಳೆಯ ಕಲ್ಲಿನ ಅಂಕಿಗೂ ಹೊಸ ಯೋಜನೆಯ ಅಂಕಿಗೂ ತಾಳೆಯಾಗುವುದಿಲ್ಲ. ಅಪಘಾತವಾದಾಗ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡುವವರು ಕಣ್ಣೆದುರಿನ ಕಲ್ಲಿನ ಸಂಖ್ಯೆಯ ಜೊತೆ ಹತ್ತಿರದ ಊರಿನ ಹೆಸರನ್ನೂ ಹೇಳುವುದು ಒಳ್ಳೆಯದು.

ತಪ್ಪು ಕಲ್ಪನೆ 10: ನಿಲಂಗಾ, ಉದಗೀರ ಕಡೆಯಿಂದ ಕರ್ನಾಟಕಕ್ಕೆ ಬರುವ ಸಣ್ಣ ದಾರಿಗಳು ಮೊದಲಿನಿಂದಲೂ ಹಳ್ಳಿಯ ಅಡ್ಡದಾರಿಗಳು.

ವಾಸ್ತವ: ಹೈದರಾಬಾದ್ ಸಂಸ್ಥಾನದಲ್ಲಿ ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲೇ ಇದ್ದವು. ಕಚೇರಿ, ಕೋರ್ಟು, ಖಜಾನೆಗೆ ಜನ ಬರುತ್ತಿದ್ದದ್ದು ಬೀದರಿಗೆ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಅವು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. 1982ರ ಆಗಸ್ಟ್ 15ರಂದು ಲಾತೂರ್ ಜಿಲ್ಲೆಯಾದಾಗ ಅದರೊಳಗೆ ಬಂದವು. ಒಂದೇ ಜಿಲ್ಲೆಯ ಒಳದಾರಿ ಅಂತರರಾಜ್ಯ ದಾರಿಯಾಯಿತು, ಜನರ ಓಡಾಟ ಲಾತೂರಿನ ಕಡೆಗೆ ತಿರುಗಿತು. ಉದಗೀರ–ಬೀದರ್ ದಾರಿಗೆ ಹೆದ್ದಾರಿಯ ಭಾಗ್ಯ ಬಂತು. ಔರಾದ ಶಹಾಜಾನಿಯ ಸುತ್ತಿನ ಹಳ್ಳಿಗಳಿಂದ ಭಾಲ್ಕಿ, ಬಸವಕಲ್ಯಾಣಕ್ಕೆ ಬರುವ ಒಳದಾರಿಗಳು ಎರಡು ರಾಜ್ಯಗಳ ನಕ್ಷೆಯ ಅಂಚಿಗೆ ಸರಿದವು. ಎರಡೂ ಕಡೆಯವರಿಗೆ ತಮ್ಮ ಜಿಲ್ಲೆಯ ಕೊನೆಯ ಕಿಲೋಮೀಟರು ಕೊನೆಯ ಆದ್ಯತೆ. ಬೀಗರು ಮಾತ್ರ ಆಚೆಗೂ ಇದ್ದಾರೆ, ಈಚೆಗೂ ಇದ್ದಾರೆ. ಅವರ ಓಡಾಟ ಯಾವ ಸರ್ವೆಯಲ್ಲೂ ದೊಡ್ಡ ಅಂಕಿಯಾಗಿ ಕಾಣುವುದಿಲ್ಲ.

ತಪ್ಪು ಕಲ್ಪನೆ 11: ದೊಡ್ಡ ಊರಿನ ನಾಲ್ಕೆಲೆ ಆಕಾರದ ಕ್ಲೋವರ್‌ಲೀಫ್ ಶ್ರೇಷ್ಠ, ನಮಗೆ ಕೊಟ್ಟದ್ದು ಕಾಟಾಚಾರದ್ದು.

ವಾಸ್ತವ: ಕ್ಲೋವರ್‌ಲೀಫಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1916ರಲ್ಲಿ, ಅಲ್ಲಿ ಮೊದಲನೆಯದು ಬಂದದ್ದು 1929ರಲ್ಲಿ, ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ. ಸಿಗ್ನಲ್ ಇಲ್ಲದೆ ಎಲ್ಲ ದಿಕ್ಕಿಗೂ ಹೋಗಬಹುದು ಎಂಬುದು ಅದರ ಹಿರಿಮೆ. ಕುಂದೂ ಅದರಲ್ಲೇ ಇದೆ: ಒಂದು ಸುತ್ತಿನಿಂದ ಹೆದ್ದಾರಿಗೆ ಏರುವವರೂ ಮುಂದಿನ ಸುತ್ತಿಗೆ ಇಳಿಯುವವರೂ ಒಂದೇ ಚಿಕ್ಕ ತುಂಡಿನಲ್ಲಿ ಪರಸ್ಪರ ಅಡ್ಡ ಹಾಯಬೇಕು. ವಾಹನ ಹೆಚ್ಚಾದಂತೆ ಅದೇ ಇಕ್ಕಟ್ಟು. ಅಮೆರಿಕದಲ್ಲೇ ಹಲವನ್ನು ಈಗ ಕೆಡವಿ ಬೇರೆ ರೂಪ ಕೊಡುತ್ತಿದ್ದಾರೆ.

ಯಾವ ಆಕಾರ ಎಂಬುದನ್ನು ಟೋಲ್ ವಸೂಲಿಯ ರೀತಿಯೂ ನಿರ್ಧರಿಸುತ್ತದೆ. ಹೆದ್ದಾರಿ 65 ತೆರೆದ ರಸ್ತೆ. ತಲಮೋಡದಂಥ ಕಡೆ ರಸ್ತೆಯ ನಡುವೆಯೇ ನಾಕಾ ಇಟ್ಟು ಹಣ ಪಡೆಯುತ್ತಾರೆ, ರ್‍ಯಾಂಪಿಗೆ ಯಾವ ಬಾಗಿಲೂ ಇಲ್ಲ. ಇದೇ ರಸ್ತೆ ಪಟಾಂಚೆರು ಹತ್ತಿರದ ಮುತ್ತಂಗಿಯಲ್ಲಿ ಹೈದರಾಬಾದಿನ 158 ಕಿಲೋಮೀಟರ್ ಹೊರವರ್ತುಲ ರಸ್ತೆಯನ್ನು ಕೂಡುತ್ತದೆ. ಅದು ಮುಚ್ಚಿದ ರಸ್ತೆ. ಎಲ್ಲಿ ಏರಿದಿರಿ, ಎಲ್ಲಿ ಇಳಿದಿರಿ ಎಂಬುದರ ಮೇಲೆ ಟೋಲು. ಅಂಥಲ್ಲಿ ಏರಿಳಿಯುವವರನ್ನೆಲ್ಲ ಟೋಲ್ ಬಾಗಿಲಿನ ಮುಂದೆಯೇ ಹಾಯಿಸಬೇಕು, ಅದಕ್ಕೆ ತಕ್ಕಂತೆ ರ್‍ಯಾಂಪುಗಳು ಸುತ್ತು ಹಾಕುತ್ತವೆ. ದುಡಿಮೆಗೆಂದು ಪಟಾಂಚೆರುವಿಗೆ ಹೋಗುವ ನಮ್ಮವರು ಎರಡನ್ನೂ ನೋಡಿ ಬಂದು ಹೋಲಿಸುತ್ತಾರೆ. ಉದ್ದೇಶ ಬೇರೆಯಾದ್ದರಿಂದ ಆಕಾರವೂ ಬೇರೆ.

ತಪ್ಪು ಕಲ್ಪನೆ 12: ಹೆದ್ದಾರಿ ನಮ್ಮ ಹೊಲಕ್ಕೆ ಹತ್ತಿದ್ದರೆ ನಾವೇ ಮೊರಮು ಹಾಕಿ ದಾರಿ ಮಾಡಿಕೊಳ್ಳಬಹುದು.

ವಾಸ್ತವ: ಢಾಬಾ, ಪೆಟ್ರೋಲ್ ಪಂಪ್, ಗೋದಾಮು ಯಾವುದಕ್ಕೇ ಆದರೂ ಹೆದ್ದಾರಿಗೆ ಹೊಸ ಸಂಪರ್ಕ ಬೇಕೆಂದರೆ 2002ರ ಹೆದ್ದಾರಿ ಜಮೀನು ಮತ್ತು ಸಂಚಾರ ನಿಯಂತ್ರಣ ಕಾಯ್ದೆಯಡಿ ಅನುಮತಿ ಬೇಕು. ಅನುಮತಿಯಿಲ್ಲದ ಮಣ್ಣಿನ ಇಳಿಜಾರುಗಳಿಗೆ ವೇಗ ತಗ್ಗಿಸುವ ಲೇನಿಲ್ಲ, ಫಲಕವಿಲ್ಲ, ದೀಪವಿಲ್ಲ. ಮಳೆಯಲ್ಲಿ ಅಲ್ಲಿಂದ ಚಕ್ರಕ್ಕೆ ಅಂಟಿ ಬಂದ ಎರೆ ಹೆದ್ದಾರಿಯ ಮೇಲೆ ಹರಡಿ ಬೈಕಿನವರನ್ನು ಜಾರಿಸುತ್ತದೆ. ಈ ರಸ್ತೆಯ ಎಲ್ಲಕ್ಕಿಂತ ವಿಚಿತ್ರ ರ್‍ಯಾಂಪುಗಳು ಎಂಜಿನಿಯರ್ ಬರೆದವಲ್ಲ, ನಾವೇ ಮಾಡಿಕೊಂಡವು.

ತಪ್ಪು ಕಲ್ಪನೆ 13: ನಕ್ಷೆ ದೆಹಲಿಯಲ್ಲಿ ತಯಾರಾಗಿ ಬರುತ್ತದೆ, ಹಳ್ಳಿಯವರು ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ವಾಸ್ತವ: ಉಳಿದಿರುತ್ತದೆ, ಆದರೆ ಬಹಳ ಕಡಿಮೆ ದಿನ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನಡಿ ಭೂಸ್ವಾಧೀನದ ಅಧಿಸೂಚನೆ ಗೆಜೆಟ್‌ನಲ್ಲಿ ಬರಬೇಕು. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಅಚ್ಚಾಗಬೇಕು, ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. 3ಸಿ ಕಲಮಿನ ಪ್ರಕಾರ ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನದೊಳಗೆ, ಆ ಜಮೀನಿನಲ್ಲಿ ಹಕ್ಕುಳ್ಳವರು ಲಿಖಿತ ಆಕ್ಷೇಪಣೆ ಕೊಡಬಹುದು. ಅಧಿಕಾರಿ ಅವರ ಅಹವಾಲು ಕೇಳಲೇಬೇಕು. ಆಮೇಲೆ 3ಡಿ ಘೋಷಣೆ ಹೊರಬಿದ್ದರೆ ಜಮೀನು ಕೇಂದ್ರ ಸರ್ಕಾರದ ಪಾಲು.

ಆ 21 ದಿನ ಈ ಸೀಮೆಯಲ್ಲಿ ಪರಿಹಾರದ ದರದ ಮಾತಿನಲ್ಲೇ ಕಳೆದುಹೋಗುವುದುಂಟು. ದರ ಮುಖ್ಯವೇ. ಆದರೆ ಸರ್ವೆ ನಂಬರುಗಳ ಪಟ್ಟಿ ಕೈಗೆ ಬಂದ ಕೂಡಲೇ ಗ್ರಾಮಸಭೆ ಸೇರಿಸಿ ಹಳೆಯ ಗಾಡಿದಾರಿ ಎಲ್ಲಿತ್ತು, ಮಳೆಗಾಲದ ನೀರು ಎಲ್ಲಿ ಹಾಯುತ್ತದೆ, ಕಬ್ಬಿನ ಟ್ರಾಲಿ ಎಲ್ಲಿ ದಾಟುತ್ತದೆ, ಮಕ್ಕಳು ಶಾಲೆಗೆ ಯಾವ ಕಡೆಯಿಂದ ಬರುತ್ತಾರೆ ಎಂಬ ನಾಲ್ಕು ಗೆರೆಗಳನ್ನು ನಕ್ಷೆಯ ಮೇಲೆ ಎಳೆದು, ಠರಾವಿನ ಜೊತೆ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೂ ಒಂದು ಪ್ರತಿ ಕಳಿಸಬೇಕು. ತುರೋರಿಯ ಕಡೆ ಆ ಪ್ರಾದೇಶಿಕ ಪತ್ರಿಕೆ ಮರಾಠಿಯದಾಗಿರುತ್ತದೆ, ಬಸವಕಲ್ಯಾಣದ ಕಡೆ ಕನ್ನಡದ್ದು. ಮನೆಯಲ್ಲಿ ಕನ್ನಡ ಮಾತಾಡುತ್ತ ಮರಾಠಿ ಶಾಲೆಯಲ್ಲಿ ಕಲಿತ ಹುಡುಗ-ಹುಡುಗಿಯರು ಎರಡನ್ನೂ ಓದಬಲ್ಲರು. ಅಧಿಸೂಚನೆ ಬಂದ ದಿನ ಅದನ್ನು ಓದಿ ಹಿರಿಯರಿಗೆ ಹೇಳುವ ಕೆಲಸ ಅವರದು. ಹಳೆಯ ದಾರಿ ಎಲ್ಲಿತ್ತೆಂದು ತೋರಿಸುವ ಕೆಲಸ ಹಿರಿಯರದು.